ಬಾಗಿಲು ಬಿಟ್ಟು ಕಿಟಕಿಯಿಂದ

ಆ ಸೋಮವಾರ ಏನೇನು ಕೆಡಬಹುದಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ಬಸ್ಸು ಬರದೇ ಇರಬಹುದಿತ್ತು. ಬಂದ ಬಸ್ಸು ಬೂದಗುಂಪಾ ಕ್ರಾಸಿನಲ್ಲಿ ಕೆಟ್ಟು ನಿಲ್ಲಬಹುದಿತ್ತು. ಅದು ಕೆಡದಿದ್ದರೆ ಅದರ ಮುಂದೆ ಭತ್ತದ ಲಾರಿಯೊಂದು ಮಗುಚಿ ಬೀಳಬಹುದಿತ್ತು. ಹೆಂಡತಿಯ ಕಾಗದಪತ್ರಗಳಲ್ಲಿ ಹುಟ್ಟಿದ ತಾರೀಖು ಒಂದೊಂದು ಕಡೆ ಒಂದೊಂದು ಥರ ಇರಬಹುದಿತ್ತು. ಹಿಂದಿನ ಹದಿನೈದು ದಿನಗಳಲ್ಲಿ ನಾನು ಒಂಬತ್ತು ಸಲ ನೋಡಿದಾಗ ಒಂದೇ ಥರ ಇತ್ತು ನಿಜ, ಆದರೆ ಹತ್ತನೇ ಸಲದ ಮಾತು ಯಾರು ಕಂಡಿದ್ದಾರೆ. ಫೈಲಿನ ಮೇಲೆ ನೀರಿನ ಬಾಟಲಿ ಸೋರಬಹುದಿತ್ತು. ಅವಳ ಸರದಿ ಬಂದಾಗಲೇ ಕರೆಂಟು ಹೋಗಬಹುದಿತ್ತು. ಕರೆಂಟಿದ್ದು ಸರ್ವರ್ ನಿಲ್ಲಬಹುದಿತ್ತು. ಎರಡೂ ಇದ್ದು ಅವಳೇ ಕೈ ತೊಳೆಯಲು ಎದ್ದು ಹೋಗಿರಬಹುದಿತ್ತು. ವರ್ಗಾವಣೆಯ ಪಟ್ಟಿಯಲ್ಲಿ ಅವಳಿಗಿಂತ ಮೂರು ಸ್ಥಾನ ಮೇಲಿದ್ದ ಯಲಬುರ್ಗಾ ಕಡೆಯ ಮಾಸ್ತರರು ಅವಳಿಗೆ ಬೇಕಾದ ಶಾಲೆಯನ್ನೇ ಆರಿಸಿಕೊಳ್ಳಬಹುದಿತ್ತು. ಅವರು ಬಿಟ್ಟುಕೊಟ್ಟು ಆ ಶಾಲೆ ಅವಳಿಗೇ ಸಿಕ್ಕರೆ, ಅಲ್ಲಿ ಕರಡಿ ಇರಬಹುದಿತ್ತು.

ಕರಡಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಮನುಷ್ಯರದು.

ನಾನು ಗಂಗಾವತಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನು. ವಯಸ್ಸು ಐವತ್ತೊಂದು. ನಮ್ಮಪ್ಪ ಹೊಲದಲ್ಲಿ ಜೋಳದ ತೆನೆ ಕಾಯುತ್ತಿದ್ದರು. ನಾನು ಇನ್ನೂ ಬರದ ಕಷ್ಟಗಳನ್ನು ಕಾಯುತ್ತೇನೆ. ಅಪ್ಪನ ಹೊಲಕ್ಕೆ ಹಕ್ಕಿಗಳಾದರೂ ಬರುತ್ತಿದ್ದವು. ಹೆಂಡತಿ ಪ್ರಾಥಮಿಕ ಶಾಲೆಯ ಟೀಚರು. ಅವಳ ಶಾಲೆ ಕುಷ್ಟಗಿ ತಾಲೂಕಿನ ಹನುಮಸಾಗರದಿಂದ ಇನ್ನೂ ಮೂರು ಕಿಲೋಮೀಟರ್ ಆಚೆ. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಹೋಗುವುದು, ಹನುಮಸಾಗರದಲ್ಲಿ ಹಿಡಿದ ಒಂದು ಕೋಣೆಯಲ್ಲಿ ವಾರ ಕಳೆಯುವುದು, ಶನಿವಾರ ಸಂಜೆ ಗಂಗಾವತಿಗೆ ಬಂದು ಇಳಿಯುವುದು. ಹೀಗೆ ಹನ್ನೊಂದು ವರ್ಷ. ಉಳಿದ ದಿನ ರಾತ್ರಿ ಎಂಟಕ್ಕೆ ಒಂದು ಫೋನು.

"ಗ್ಯಾಸ್ ಬಂದ್ ಮಾಡೀರೇನ್ರಿ?"

"ಮಾಡೀನಿ."

"ನಾಕು ಸಲ ನೋಡಿರ್ತೀರಿ ಬಿಡ್ರಿ."

"ಮೂರು ಸಲ."

"ಹಂಗಾರ ಇನ್ನೊಂದು ಸಲ ನೋಡಿ ಮಲಕೋರ್ರಿ."

ಅವಳು ಚಿಂತೆ ಮಾಡುವವಳಲ್ಲ ಎಂದು ನಾನು ಹನ್ನೊಂದು ವರ್ಷ ನಂಬಿದ್ದೆ. ಮನೆಯಲ್ಲಿ ಆ ಖಾತೆ ನನ್ನದು. ಅವಳು ಒಂದೇ ಒಂದು ಸಲ, ಹಿಂದಿನ ದೀಪಾವಳಿ ರಜೆ ಮುಗಿಸಿ ಚೀಲ ತುಂಬುತ್ತಿದ್ದಾಗ, ಸೀರೆ ಮಡಚುತ್ತಲೇ ಹೇಳಿದ್ದಳು: "ನನಗೊಂದು ಮಂಗಳವಾರ ಬೇಕ್ರಿ. ಸೂಟಿದಲ್ಲ. ಸಂಜಿಮುಂದ ಸಾಲಿ ಬಿಟ್ಟು ನನ್ನ ಮನಿಗೆ ನಾನು ಬರೋ ಮಂಗಳವಾರ." ಅಂದಿನಿಂದ ಅವಳ ವರ್ಗಾವಣೆಯ ಚಿಂತೆಯೂ ನನ್ನ ಖಾತೆಗೆ ಸೇರಿತು, ಅಷ್ಟೇ.

ಸೋಮವಾರದ ನನ್ನ ಕೆಲಸ ಟವೆಲ್ ಒಗೆಯುವುದು. ಟವೆಲ್ ತೊಳೆಯುವ ಮಾತಲ್ಲ, ಎಸೆಯುವ ಮಾತು. ಹನುಮಸಾಗರದ ಬಸ್ಸು ನಿಲ್ದಾಣದೊಳಕ್ಕೆ ತಿರುಗುವ ಹೊತ್ತಿಗೇ ಬಾಗಿಲಿಗೆ ಐವತ್ತು ಜನ ಜೋತುಬಿದ್ದಿರುತ್ತಾರೆ. ನಾನು ಬಾಗಿಲಿನ ತಂಟೆಗೆ ಹೋಗುವುದಿಲ್ಲ. ಬಸ್ಸಿನ ಬದಿಯಲ್ಲೇ ಓಡುತ್ತ, ಎಡಗಡೆಯ ಮೂರನೇ ಕಿಟಕಿಯಿಂದ, ಕೆಂಪು ಅಂಚಿನ ಟವೆಲ್ಲನ್ನು ಸೀಟಿನ ಮೇಲೆ ಹಾಕಿಬಿಡುತ್ತೇನೆ. ನಮ್ಮ ಕಡೆ ಸೀಟಿನ ಮೇಲೆ ಬಿದ್ದ ಟವೆಲ್ಲಿಗೆ ರಿಜಿಸ್ಟ್ರಿ ಕಾಗದದ ಬೆಲೆ ಇದೆ. ಅದನ್ನು ಸರಿಸಿ ಕುಳಿತವನ ವಿರುದ್ಧ ಇಡೀ ಬಸ್ಸು ಸಾಕ್ಷಿ ಹೇಳುತ್ತದೆ. ಆಮೇಲೆ ಹೆಂಡತಿ ನಿಧಾನವಾಗಿ ಹತ್ತಿ, ಟವೆಲ್ ಕೊಡವಿ, ಕಿಟಕಿಯಿಂದ ನನಗೆ ವಾಪಸು ಕೊಟ್ಟು ಕೂರುತ್ತಾಳೆ. ಹನ್ನೊಂದು ವರ್ಷದಲ್ಲಿ ಆ ಬಸ್ಸಿನ ಕಂಡಕ್ಟರನಿಗೆ ನನ್ನ ಮುಖಕ್ಕಿಂತ ಟವೆಲ್ಲಿನ ಗುರುತೇ ಹೆಚ್ಚು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣ ಒಂದು ಇಂಗ್ಲಿಷ್ ಕ್ರಿಯಾಪದ. ಮೊದಲು ಹೇಳಿದ ಆ ಸೋಮವಾರಕ್ಕೆ ಸರಿಯಾಗಿ ಒಂದು ವಾರ ಮುಂಚೆ ಒಂಬತ್ತನೇ ತರಗತಿಯ ಪಾಠದಲ್ಲಿ 'ಔಟ್‌ಫ್ಲ್ಯಾಂಕ್' ಎಂಬ ಶಬ್ದ ಬಂತು. ಎರಡು ಸೈನ್ಯ, ನಡುವೆ ಒಂದು ಹೊಳೆ, ಇವರು ಅವರನ್ನು ಔಟ್‌ಫ್ಲ್ಯಾಂಕ್ ಮಾಡಿದರು. ನಿಘಂಟು ನೋಡಿದೆ. ಶತ್ರುವಿನ ಪಾರ್ಶ್ವವನ್ನು ಬಳಸಿ ಮುನ್ನಡೆಯುವುದು ಎಂಬಂಥದ್ದೇನೋ ಇತ್ತು. ಓದಿ ಹೇಳಿದರೆ ಮಕ್ಕಳಿಗೆ ಇಂಗ್ಲಿಷೇ ವಾಸಿ ಅನ್ನಿಸುತ್ತಿತ್ತು. ಬೋರ್ಡಿನ ಮೇಲೆ ಎರಡು ಚೌಕ ಬರೆದು, ನಡುವೆ ಹೊಳೆ ಹರಿಸಿ, ಬದಿಯಿಂದ ಬಾಗಿದ ಬಾಣ ಎಳೆದೆ.

"ಸರ, ಅದು ಭತ್ತದ ಗದ್ದಿ ಏನ್ರಿ?" ಎಂದಿತು ಹಿಂದಿನ ಬೆಂಚು.

"ಸೈನ್ಯ."

"ನಡಕ ಕಾಲುವಿ ಹೋಗೇತಲ್ರಿ."

ಕಾಲುವೆ ನೀರಿನ ಊರಿನಲ್ಲಿ ಯುದ್ಧದ ನಕ್ಷೆ ಬರೆಯಬಾರದು. ಕೊನೆಗೆ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ, ಬಸ್ ಬಂದಾಗ ಎಲ್ಲಾರೂ ಬಾಗಲಕ್ಕ ಮುಕರತಾರಲ್ರಿ, ಆವಾಗ ಒಬ್ರು ಸುಮ್ನ ಮಗ್ಗಲಕ ಹೋಗಿ ಕಿಡಕ್ಯಾಗಿಂದ ಟವೆಲ್ ಒಗೀತಾರ. ಹಂಗೇನ್ರಿ?" ಎಂದಳು. ತರಗತಿ ನಕ್ಕಿತು. ನನ್ನನ್ನು ಬಸ್ ನಿಲ್ದಾಣದಲ್ಲಿ ಕಂಡವರು ಅಲ್ಲಿ ಬಹಳ ಮಂದಿ ಇದ್ದರೆಂದು ಆಮೇಲೆ ಹೊಳೆಯಿತು.

ಮೂವತ್ತು ವರ್ಷ ಇಂಗ್ಲಿಷ್ ಓದಿದವನಿಗೆ ಸಿಗದ ಅರ್ಥವನ್ನು ಅವಳು ಒಂದೇ ಉಸಿರಿಗೆ ಕೊಟ್ಟಳು. ಅದನ್ನು ನನ್ನದೇ ಎಂಬಂತೆ ಮುಂದುವರಿಸಿದೆ. ಈ ಶಬ್ದವನ್ನು ಎಲ್ಲೆಂದರಲ್ಲಿ ಬಳಸುವ ಹಾಗಿಲ್ಲ ಎಂದೆ. ಮುಂದೆ ನಿಂತು ಗುದ್ದಿ ಗೆದ್ದರೆ ಇದು ಬರುವುದಿಲ್ಲ. ಹೆದರಿ ಬೇರೆ ದಾರಿ ಹಿಡಿದು ಮನೆಗೆ ಹೋದರೂ ಬರುವುದಿಲ್ಲ. ಎದುರಿಗೆ ಒಬ್ಬ ನಿಂತಿರಬೇಕು. ಅವನ ಕಣ್ಣು ಮುಂದಕ್ಕೇ ನೆಟ್ಟಿರಬೇಕು. ನೀವು ಬದಿಯಿಂದ ಹೋಗಿ ಅವನು ಬಯಸಿದ್ದನ್ನು ಅವನಿಗಿಂತ ಮೊದಲು ಹಿಡಿದಿರಬೇಕು. ಯುದ್ಧಕ್ಕೂ ಆಗುತ್ತದೆ, ಚುನಾವಣೆಗೂ ಆಗುತ್ತದೆ, ಅಂಗಡಿ ವ್ಯಾಪಾರಕ್ಕೂ ಆಗುತ್ತದೆ, ಪತ್ರಿಕೆಯವರು ಮೂರಕ್ಕೂ ಬಳಸುತ್ತಾರೆ ಎಂದು ಉದಾಹರಣೆ ಕೊಟ್ಟೆ. ಬೆಲ್ಲು ಹೊಡೆಯಿತು. ನಾನು ತುಂಬ ಚೆನ್ನಾಗಿ ಪಾಠ ಮಾಡಿದೆನೆಂಬ ಭಾವನೆಯಲ್ಲಿ ಹೊರಬಂದೆ. ಅಂಥ ಭಾವನೆ ಬಂದ ದಿನ ನಾನು ಮನೆಯಲ್ಲೇ ಕೂರುವುದು ಕ್ಷೇಮ.

ಅದೇ ಸಂಜೆ ಕಾಲುವೆ ಪಕ್ಕದ ಚಹಾದಂಗಡಿಯಲ್ಲಿ ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರು ಸಿಕ್ಕರು. ವರ್ಗಾವಣೆಯ ಕೌನ್ಸೆಲಿಂಗ್ ಮುಂದಿನ ಸೋಮವಾರ ಕೊಪ್ಪಳದಲ್ಲಿ ಎಂದು ಆಗಲೇ ಗೊತ್ತಾಗಿತ್ತು. ಪಟ್ಟಿಯ ಕ್ರಮದಲ್ಲಿ ಒಬ್ಬೊಬ್ಬರನ್ನೇ ಕರೆಯುತ್ತಾರೆ. ಖಾಲಿ ಇರುವ ಶಾಲೆಗಳು ಪರದೆಯ ಮೇಲೆ ಕಾಣುತ್ತವೆ. ಮುಂದಿನವರು ಆರಿಸಿ ಬಿಟ್ಟದ್ದು ಹಿಂದಿನವರಿಗೆ. ಹೆಂಡತಿ ಹದಿನೇಳನೆಯವಳು. ಗಂಗಾವತಿಯಿಂದ ದಿನಾ ಹೋಗಿ ಬರಬಹುದಾದ ಶಾಲೆ ಪಟ್ಟಿಯಲ್ಲಿ ಒಂದೇ ಒಂದಿತ್ತು, ಹನುಮನಹಳ್ಳಿ ಆಚೆ, ಅಂಜನಾದ್ರಿ ಗುಡ್ಡದ ಆಸುಪಾಸಿನ ಒಂದು ಸಣ್ಣ ಊರಿನದು. ಆ ಊರಿನ ಹೆಸರು ಹೇಳುವುದಿಲ್ಲ. ನನ್ನಿಂದ ಅದಕ್ಕಾದ ಅಪಕೀರ್ತಿ ಸಾಕು.

"ಹದಿನಾಕನೇ ನಂಬರ್ ಯಾರ್ದು ಗೊತ್ತೇನ್ರಿ?" ಡ್ರಾಯಿಂಗ್ ಮಾಸ್ತರರು ಬಸಿಯಲ್ಲಿ ಚಹಾ ಹೊಯ್ದುಕೊಂಡರು. "ಯಲಬುರ್ಗಾ ಕಡೆ ಲೆಕ್ಕದ ಮಾಸ್ತರು. ಭಾಳ ಹುಷಾರ್ ಮನಷ್ಯಾ. ಆ ಗುಡ್ಡದ ಸಾಲಿ ಮ್ಯಾಲ ಕಣ್ಣಿಟ್ಟಾರಂತ."

"ಯಾರಂದ್ರು?"

"ಎಲ್ಲಾರೂ ಅಂತಾರ."

ಎಲ್ಲರೂ ಎಂದರೆ ಅವರೊಬ್ಬರೇ ಇರಬಹುದು ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ತಲೆಯ ತುಂಬ ಬೋರ್ಡಿನ ಬಾಗಿದ ಬಾಣವೇ ಇತ್ತು. ಎದುರಿಗೆ ಹೋಗಿ, ಸಾಹೇಬರೇ, ಆ ಶಾಲೆ ನಮಗೆ ಬಿಡಿ ಎಂದು ಕೇಳುವುದು ಬಾಗಿಲಿಗೆ ಮುಕುರಿದ ಹಾಗೆ. ನಾನು ಕಿಟಕಿಯವನು.

"ಆ ಸಾಲಿಗೆ ಯಾಕ್ ಬರ್ತಾರ ಪಾಪ," ಎಂದೆ, ಎಲ್ಲೋ ನೋಡುತ್ತ. "ಅಲ್ಲಿ ಮಂಗ್ಯಾನ ಕಾಟ ಕೇಳಿಲ್ಲೇನ್ರಿ? ಬಿಸಿಯೂಟದ ಹೊತ್ತಿಗೆ ಸರಿಯಾಗಿ ಗುಡ್ಡಾ ಇಳದು ಬರ್ತಾವ. ತಾಟಿನ್ಯಾಗಿನ ಬಾಳಿಹಣ್ಣು ಬಿಡಂಗಿಲ್ಲ. ಹೋದ ವರ್ಷ ಒಬ್ಬ ಮಾಸ್ತರ ಕಣ್ಣಿನ ಮ್ಯಾಲಿನ ಚಾಳೀಸ ಕಸಗೊಂಡು ಗಿಡಾ ಏರಿದ್ವಂತ."

"ಹೌದಾ!"

"ಯಾರಿಗೂ ಹೇಳಬ್ಯಾಡ್ರಿ ಮತ್ತ."

"ಛೇ ಛೇ, ನಾನ್ಯಾಕ್ ಹೇಳ್ಲಿ," ಎಂದು ಡ್ರಾಯಿಂಗ್ ಮಾಸ್ತರರು ಉಳಿದ ಚಹಾ ಒಂದೇ ಗುಟುಕಿಗೆ ಕುಡಿದು, ಹೇಳಲು ಹೊರಟರು.

ಅದು ಸೋಮವಾರ. ಆ ರಾತ್ರಿ ನಾನು ಗ್ಯಾಸನ್ನು ಒಂದೇ ಸಲ ನೋಡಿ ಮಲಗಿದೆ. ಅಷ್ಟು ಧೈರ್ಯ ಬಂದಿತ್ತು.

ಗುರುವಾರ ಕಟಿಂಗ್ ಮಾಡಿಸಲು ಹೋದೆ. ಕತ್ತರಿ ಕಿವಿಯ ಹತ್ತಿರ ಬಂದಾಗ ಅಂಗಡಿಯವನು, "ಸರ, ಅಕ್ಕೋರು ಆ ಗುಡ್ಡದ ಸಾಲಿಗೆ ಹೊಂಟಾರಂತಲ್ರಿ. ಅಲ್ಲಿ ಕರಡಿ ಬರ್ತಾವಂತ, ನೋಡ್ಕೋರ್ರಿ," ಎಂದ.

"ಕರಡಿ ಅಲ್ಲೋ ಮಾರಾಯಾ, ಮಂಗ್ಯಾ."

"ಮಂಗ್ಯಾ ಹಗಲಿ ಬರ್ತಾವ್ರಿ. ಕರಡಿ ಸಂಜಿಮುಂದ. ಎರಡು ಅದಾವಂತ, ಒಂದು ಮರಿ."

ಶುಕ್ರವಾರ ಡ್ರಾಯಿಂಗ್ ಮಾಸ್ತರರೇ ನನ್ನನ್ನು ಸ್ಟಾಫ್ ರೂಮಿನ ಮೂಲೆಗೆ ಕರೆದರು. "ನಿಮಗ ಅಂತ ಹೇಳ್ತೀನಿ, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಆ ಸಾಲಿ ಕಂಪೌಂಡಿನ್ಯಾಗ ಕರಡಿ ಅಡ್ಡ್ಯಾಡತಾವ."

ನನ್ನ ಲೆಕ್ಕ ಹೀಗೆ ನಡೆಯಿತು. ಮಂಗ ನನ್ನದು, ನಾನೇ ಹುಟ್ಟಿಸಿದ್ದು, ಅದಕ್ಕೆ ಹೆದರಬೇಕಿಲ್ಲ. ಕರಡಿ ನನ್ನದಲ್ಲ. ನಾನು ಕರಡಿಯ ಸುದ್ದಿ ಎತ್ತಿಯೇ ಇಲ್ಲ. ನನ್ನದಲ್ಲದ ಮೇಲೆ ಅದು ನಿಜವೇ ಇರಬೇಕು. ನಮ್ಮ ಸುತ್ತಿನ ಕಲ್ಲುಗುಡ್ಡಗಳಲ್ಲಿ ಕರಡಿ ಇರುವುದು ಯಾರೂ ಅಲ್ಲಗಳೆಯದ ಮಾತು. ಹಣ್ಣಿನ ಕಾಲದಲ್ಲಿ ತೋಟಕ್ಕಿಳಿಯುತ್ತವೆ. ಹಾಗಾದರೆ ಹನ್ನೊಂದು ವರ್ಷ ಬಸ್ಸಿನಲ್ಲಿ ಸುರಕ್ಷಿತವಾಗಿ ಓಡಾಡಿದ ಹೆಂಡತಿಯನ್ನು ನಾನೇ ಉಪಾಯ ಮಾಡಿ ಕರಡಿಯ ಬಾಯಿಗೆ ಕೊಡುತ್ತಿದ್ದೇನೆ. ಆ ಲೆಕ್ಕದ ಮಾಸ್ತರರು ಹುಷಾರು ಮನುಷ್ಯ ಎಂದಿದ್ದರಲ್ಲ, ಅವರು ಆ ಶಾಲೆ ಬಿಟ್ಟುಕೊಟ್ಟರೆ ಅದಕ್ಕೂ ಇದೇ ಕಾರಣವಿರಬೇಕು.

ರಾತ್ರಿ ಎಂಟರ ಫೋನಿನಲ್ಲಿ ಹೇಳಿದೆ.

"ಕರಡಿನಾ?"

"ಹೂಂ. ಮರಿ ಸೈತ ಐತಂತ."

"ಮರಿ ಬ್ಯಾರೆ ಐತಾ?" ಎಂದಳು. ಆಮೇಲೆ, "ನೀವು ಮೊದಲ ಗ್ಯಾಸ್ ನೋಡ್ರಿ."

ಶನಿವಾರ ಸಂಜೆ ಅವಳು ಬಂದಳು. ಭಾನುವಾರ ಬೆಳಿಗ್ಗೆ ಸ್ಕೂಟರಿಗೆ ಪೆಟ್ರೋಲ್ ಹಾಕಿಸಿ ಬರುತ್ತೇನೆಂದು ಹೊರಟು ನೇರ ಆ ಊರಿಗೇ ಹೋದೆ. ದಾರಿಯುದ್ದಕ್ಕೂ ಗುಡ್ಡಕ್ಕೆ ಹೋಗುವ ಭಕ್ತರ ಗಾಡಿಗಳು, ಎಳನೀರಿನ ಗುಡ್ಡೆಗಳು. ಶಾಲೆ ಊರ ಅಂಚಿನಲ್ಲಿತ್ತು. ಎರಡು ಕೋಣೆ, ಒಂದು ಬೇವಿನ ಗಿಡ, ತಿಳಿನೀಲಿ ಬಣ್ಣ. ಕಂಪೌಂಡಿನ ಮೇಲೆ ನಾಲ್ಕು ಮಂಗಗಳು ಸಾಲಾಗಿ ಕುಳಿತು ಒಂದರ ತಲೆಯನ್ನೊಂದು ನೋಡುತ್ತಿದ್ದವು. ನನ್ನ ಸುಳ್ಳಿನ ಒಂದು ಭಾಗ ನಿಜವಾಗಿ ಕೂತಿರುವುದನ್ನು ಕಂಡು ಕರಡಿಯ ಮೇಲಿನ ನಂಬಿಕೆ ಹೆಚ್ಚಾಯಿತು.

ಪಕ್ಕದ ಮನೆಯ ಅಂಗಳದಲ್ಲಿ ಒಬ್ಬ ಹೆಂಗಸು ಶೇಂಗಾ ಸುಲಿಯುತ್ತಿದ್ದಳು. ಶಾಲೆಯ ಬಿಸಿಯೂಟ ಮಾಡುವವಳು ತಾನೇ ಎಂದಳು.

"ಅಮ್ಮಾ, ಇಲ್ಲಿ ಕರಡಿ..."

"ನೀವೂ ಕರಡಿ ಕೇಳಾಕ ಬಂದೀರಾ!" ಅವಳು ಮೊರ ಕೆಳಗಿಟ್ಟು ನಕ್ಕಳು. "ನಿನ್ನಿ ಒಬ್ರು ಬಂದಿದ್ರು. ಯಲಬುರ್ಗಾ ಕಡೆ ಮಾಸ್ತರಂತ. ಕೈಯಾಗೊಂದು ಕೊಡಿ, ಜೋಡಿ ಸಣ್ಣ ಹುಡುಗಿ. ಸಾಲಿ ಸುತ್ತ ಎರಡು ಸುತ್ತು ಹಾಕಿದ್ರು ನೋಡ್ರಿ."

"ನೀ ಏನಂದಿ?"

"ಏನನ್ಲಿ? ಕರಡಿ ಇಲ್ರಿ, ಮಂಗ್ಯಾ ಅದಾವ, ಅವು ಒಂದು ಬಾಳಿಹಣ್ಣು ಕೊಟ್ರ ಸುಮ್ಮಕಿರ್ತಾವ. ಹುಡುಗ್ರು ಛಲೋ, ನೀರು ಛಲೋ, ಬರ್ರಿ ಮಾಸ್ತರ ಅಂದೆ."

ಬರುವಾಗ ಸ್ಕೂಟರು ತನ್ನಷ್ಟಕ್ಕೆ ಓಡುತ್ತಿತ್ತು, ನಾನು ಅದರ ಮೇಲಿದ್ದೆ, ಅಷ್ಟೇ. ಆದದ್ದು ಸ್ಪಷ್ಟವಿತ್ತು. ಎಲ್ಲೋ ಯಲಬುರ್ಗಾದಲ್ಲಿ ತಮ್ಮಷ್ಟಕ್ಕೆ ಇದ್ದವರನ್ನು ನನ್ನ ಸುದ್ದಿಯೇ ಎಬ್ಬಿಸಿ ಆ ಶಾಲೆಯ ಬಾಗಿಲಿಗೆ ತಂದು ನಿಲ್ಲಿಸಿತ್ತು. ಅವರು ನೋಡಿದ್ದರು, ಸುತ್ತು ಹಾಕಿದ್ದರು, ಮೆಚ್ಚಿದ್ದರು. ಮನೆಯ ಮಗುವನ್ನೇ ಕರೆತಂದು ತೋರಿಸಿದ್ದಾರೆಂದರೆ ಬಾಡಿಗೆ ಮನೆಯನ್ನೂ ಹಿಡಿದಿರಬೇಕು. ಹೆಂಡತಿಯ ಮಂಗಳವಾರವನ್ನು ನಾನೇ ತಾಟಿನಲ್ಲಿಟ್ಟು ಹದಿನಾಲ್ಕನೇ ನಂಬರಿನವರಿಗೆ ಬಡಿಸಿದ್ದೆ.

"ಪೆಟ್ರೋಲ್ ಹಾಕಸಾಕ ಮೂರು ತಾಸಾ?" ಎಂದಳು ಅವಳು, ರೊಟ್ಟಿ ಬಡಿಯುತ್ತ.

"ಪಾಳಿ ಇತ್ತು," ಎಂದೆ.

ಸೋಮವಾರ ನಸುಕಿನಲ್ಲಿ ಬಸ್ ನಿಲ್ದಾಣ. ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಬುತ್ತಿ, ಹೆಗಲ ಮೇಲೆ ಟವೆಲ್, ತಲೆಯಲ್ಲಿ ಕೊಡೆ ಹಿಡಿದ ಮಾಸ್ತರರು. ಬಸ್ಸೊಂದು ಒಳಗೆ ತಿರುಗಿತು. ಓಡಿದೆ. ಎಡಗಡೆ, ಮೂರನೇ ಕಿಟಕಿ. ಹಾಕಿದೆ. ಹೊರಳಿ ನೋಡಿದರೆ ಹಿಂದೆ ಇದ್ದ ಇನ್ನೊಂದು ಬಸ್ಸಿನ ಕಿಟಕಿಯಿಂದ ಹೆಂಡತಿ ಕೈ ಬೀಸುತ್ತಿದ್ದಳು. "ಇಲ್ಲಿ ಬರ್ರಿ ಲಗೂನ! ಕೊಪ್ಪಳದ ಬಸ್ ಖಾಲಿ ಐತಿ!" ಆ ಹೊತ್ತಿನಲ್ಲಿ ಕೊಪ್ಪಳಕ್ಕೆ ಹೋಗುವವರು ಯಾರೂ ಇರಲಿಲ್ಲ. ಅವಳು ಬಾಗಿಲಿನಿಂದ ಹತ್ತಿ, ಸೀಟು ಆರಿಸಿ, ಆಗಲೇ ಕುಳಿತಾಗಿತ್ತು. ನಾನು ಫೈಲು ಎದೆಗವಚಿಕೊಂಡು ಓಡಿಹೋಗಿ ಹತ್ತಿದೆ.

ಬಸ್ಸು ಕೆಡಲಿಲ್ಲ. ಲಾರಿ ಮಗುಚಲಿಲ್ಲ. ಕೊಪ್ಪಳದಲ್ಲಿ ಕರೆಂಟಿತ್ತು, ಸರ್ವರ್ ಇತ್ತು. ದೊಡ್ಡ ಕೋಣೆಯಲ್ಲಿ ಸಾಲು ಕುರ್ಚಿ. ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಕೊಡೆ. ಕೊಡೆಯ ಹಿಂದೆ ಬಿಳಿ ಮೀಸೆಯ ಮಾಸ್ತರರು. ಅವರು ನನ್ನ ಕಡೆ ನೋಡಿ ನಕ್ಕು, "ಅಕ್ಕೋರ ಯಜಮಾನ್ರೇನ್ರಿ? ಭಾಳ ಬೆವರೀರಿ, ಫ್ಯಾನ್ ಕೆಳಗ ಬರ್ರಿ," ಎಂದು ತಮ್ಮ ಜಾಗವನ್ನೇ ಕೊಟ್ಟರು. ನಾನು ಕುಳಿತೆ. ಶತ್ರುವಿನ ಜಾಗದಲ್ಲಿ ಗಾಳಿ ಚೆನ್ನಾಗಿತ್ತು.

ಹದಿನಾಲ್ಕು ಎಂದು ಕೂಗಿದರು. ಅವರು ಹೋದರು. ನಾನು ಹೆಂಡತಿಯ ಮುಖ ನೋಡಲಿಲ್ಲ, ಅವಳ ಕೈ ನೋಡಿದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಸುತ್ತುತ್ತಿದ್ದಳು. ಅವಳು ಹಾಗೆ ಮಾಡುವುದನ್ನು ನಾನು ಹಿಂದೆ ಕಂಡಿರಲಿಲ್ಲ.

ಮಾಸ್ತರರು ಪರದೆಯನ್ನು ಪೂರ್ತಿ ನೋಡಲೂ ಇಲ್ಲ. ಯಲಬುರ್ಗಾ ತಾಲೂಕಿನದೇ ಒಂದು ಶಾಲೆಯ ಹೆಸರು ಹೇಳಿ, ಸಹಿ ಹಾಕಿ, ಕೊಡೆ ತೆಗೆದುಕೊಳ್ಳಲು ವಾಪಸು ಬಂದರು. ನನಗೆ ತಡೆಯಲಾಗಲಿಲ್ಲ.

"ಸರ, ನೀವು ಗುಡ್ಡದ ಕಡೆ ಸಾಲಿ ನೋಡಾಕ ಹೋಗಿದ್ರಿ ಅಂತ..."

"ಸಾಲಿ ನೋಡಾಕ? ನನಗ್ಯಾಕ್ರಿ ಅದು, ನಮ್ಮ ಮನಿ ಎಮ್ಮಿ ನಾನು ಹಿಂಡಿದ್ರ ಅಷ್ಟ ಹಾಲು ಕೊಡ್ತಾವ, ಊರು ಬಿಟ್ಟು ಎಲ್ಲಿ ಹೋಗ್ಲಿ? ಕರಡಿ ನೋಡಾಕ ಹೋಗಿದ್ದೆ." ಅವರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ಮೊಮ್ಮಗಳು ಒಂದ ಸವನ ಹಟಾ ಹಿಡದಿದ್ಲು. ಹನುಮಪ್ಪನ ದರ್ಶನಾನೂ ಆತು, ಕರಡಿನೂ ಆತು ಅಂತ ಕರಕೊಂಡು ಹೋದೆ. ಎರಡು ಸುತ್ತು ಹಾಕಿದೆ, ಕರಡಿ ಇಲ್ಲ, ಕರಡಿ ಕೂದಲಿಲ್ಲ. ಹುಡುಗಿ ಮನಿತನಕ ಅತ್ಕೋತ ಬಂತು. ಯಾವ ಖೋಡಿ ಎಬ್ಬಿಸ್ಯಾನೋ ಆ ಸುದ್ದಿ!"

"ಹೌದ್ರಿ," ಎಂದೆ. "ಎಂಥೆಂಥಾ ಜನ ಇರ್ತಾರ."

ಹೆಂಡತಿ ಕೆಮ್ಮಿದಳು.

ತರಗತಿಯಲ್ಲಿ ನಾನೇ ಹೇಳಿದ್ದೆ: ಎದುರಿಗೆ ಒಬ್ಬ ನಿಂತಿರಬೇಕು. ನಾನು ಒಂದು ವಾರ ಬದಿಯಿಂದ ಸುತ್ತಿ ಸುತ್ತಿ ಹೋದದ್ದು ಯಾರೂ ಇಲ್ಲದ ಬಯಲನ್ನು.

ಹದಿನೈದು ಬೇಗ ಮುಗಿಯಿತು. ಹದಿನಾರನೆಯವರು, ಕುತ್ತಿಗೆಯಲ್ಲಿ ತಾಳಿಗಿಂತ ಉದ್ದದ ಗುರುತಿನ ಪಟ್ಟಿ ಹಾಕಿಕೊಂಡಿದ್ದ ಒಬ್ಬ ಟೀಚರು, ಪರದೆಯ ಮುಂದೆ ನಿಂತೇ ನಿಂತರು. ಬೆರಳು ಮೇಲೆ ಹೋಯಿತು, ಕೆಳಗೆ ಬಂತು, ಗುಡ್ಡದ ಶಾಲೆಯ ಸಾಲಿನ ಮೇಲೆ ನಿಂತಿತು. ಸೆರಗಿನ ತುದಿ ಬೆರಳಿಗೆ ಸುತ್ತಿ ಹಾಗೇ ನಿಂತುಬಿಟ್ಟಿತು. ಆಮೇಲೆ ಆ ಬೆರಳು ಇನ್ನೆರಡು ಸಾಲು ಕೆಳಗಿಳಿದು ಕುಷ್ಟಗಿ ಪಟ್ಟಣದ ಹತ್ತಿರದ ಶಾಲೆಯೊಂದನ್ನು ಆರಿಸಿತು. ಅವರು ಏಕೆ ತಡೆದರೋ, ಏಕೆ ಮುಂದೆ ಹೋದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ಮನೆ ಕುಷ್ಟಗಿಯಲ್ಲೇ ಇರಬಹುದು. ಇದ್ದರೆ ಒಳ್ಳೆಯದು ಎಂದು ಆಗಾಗ ಅಂದುಕೊಳ್ಳುತ್ತೇನೆ.

ಹದಿನೇಳು. ಅವಳು ಎದ್ದು ಹೋಗಿ, ಬೆರಳು ತೋರಿಸಿ, ಸಹಿ ಹಾಕಿ ಬಂದಳು. ಗ್ಯಾಸ್ ಬಂದ್ ಮಾಡಿ ಬಂದಷ್ಟು ಹೊತ್ತು.

ಹೊರಗೆ ಬಂದು ಒಂದು ಅಂಗಡಿಯ ಬೆಂಚಿನ ಮೇಲೆ ಮಿರ್ಚಿ ಭಜಿ ಹಾಕಿಸಿಕೊಂಡು ಕುಳಿತೆವು. ಅವಳು ಒಂದು ಭಜಿ ಪೂರ್ತಿ ತಿಂದು, ಕೈ ಒರೆಸಿಕೊಂಡು ಕೇಳಿದಳು.

"ಮಂಗ್ಯಾ ನಿಮ್ಮದಲ್ಲಾ?"

ಸುಳ್ಳು ಹೇಳುವ ಶಕ್ತಿ ಆ ವಾರದ ಮಟ್ಟಿಗೆ ಮುಗಿದಿತ್ತು. "ಹೂಂ. ನಂದು. ನಿನಗ ಹೆಂಗ್ ಗೊತ್ತಾತು?"

"ಬುಧವಾರ ನಮ್ಮ ಸಾಲಿ ಸ್ಟಾಫ್ ರೂಮಿಗೆ ಬಂತು ಸುದ್ದಿ. ಮಾಸ್ತರ ಚಾಳೀಸ ಕಸಗೊಂಡ ಮಂಗ್ಯಾ. ಮದವಿಯಾದ ವರ್ಷ ಗುಡ್ಡದ ಮ್ಯಾಲ ನಿಮ್ಮ ಚಾಳೀಸ ಹೋಗಿದ್ದು ಮರತೀರೇನು?"

ಮರೆತಿದ್ದೆ. ಸುಳ್ಳಿಗೂ ಸ್ವಂತ ಅನುಭವದ ಹೊರಗೆ ಹೋಗಲಾಗದ ಮನುಷ್ಯ ನಾನು.

"ಮಂಗ್ಯಾ ನಂದು ಖರೆ," ಎಂದೆ. "ಆದ್ರ ಕರಡಿ ನಂದಲ್ಲ. ಆಣಿ ಮಾಡಿ ಹೇಳ್ತೀನಿ."

"ಕರಡಿ ನಂದು."

ನನ್ನ ಕೈಯ ಭಜಿ ಕೈಯಲ್ಲೇ ಉಳಿಯಿತು.

"ಮತ್ತೇನ್ರಿ," ಅವಳು ದನಿ ಇಳಿಸಿದಳು. "ಹನುಮಪ್ಪನ ಗುಡ್ಡದ ಬುಡಕ ಮಂಗ್ಯಾ ಅದಾವ ಅಂದ್ರ ಯಾರು ಅಂಜತಾರ? ಕೈ ಮುಗದು ಇನ್ನ ಎರಡು ಹೆಜ್ಜಿ ಮುಂದ ಬರ್ತಾರ. ನಿಮಗ ಅಷ್ಟೂ ತಿಳೀಬಾರ್ದಾ? ಅದಕ್ಕ ಕರಡಿ ಮಾಡಿದೆ. ಮರಿ ಮಾತ್ರ ನಂದಲ್ಲ. ಅದು ಯಾರ್ದೋ."

"ಹಂಗಾರ ನಾನು ಫೋನಿನ್ಯಾಗ ಹೇಳಿದಾಗ..."

"ನೀವು ಅಂಜಿದ್ರ ಊರೆಲ್ಲಾ ಅಂಜೈತಿ ಅಂತ ಖಾತ್ರಿ ಆತು."

ನಾನು ನಗಬೇಕೋ ಸಿಟ್ಟಾಗಬೇಕೋ ಗೊತ್ತಾಗದೆ, "ನಿನಗ ಇಂಥಾ ಚಿಂತಿ ಇರಂಗಿಲ್ಲಲ್ಲ," ಎಂದೆ.

ಅವಳು ರಸ್ತೆಯ ಕಡೆ ನೋಡಿದಳು. "ಹನ್ನೊಂದು ವರ್ಷ ನೀವೊಬ್ರ ಚಿಂತಿ ಮಾಡೀರಿ ಅಂತ ತಿಳದೀರೇನು? ನಿಮ್ಮದು ಹೊರಗ ಕಾಣಸ್ತೈತಿ. ಅಷ್ಟ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ನನಗ ಆ ಮಂಗಳವಾರ ಬೇಕಾಗಿತ್ರಿ," ಎಂದಳು.

ಇನ್ನೊಂದು ತಾಟು ಭಜಿ ಹೇಳಿದೆ. ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂದಿತ್ತು, ನನ್ನ ಹಣೆಯಲ್ಲಿ ಬೆವರು. ಒರೆಸಿಕೊಳ್ಳಲು ಹೆಗಲಿಗೆ ಕೈ ಹಾಕಿದೆ. ಹೆಗಲು ಬರಿದಾಗಿತ್ತು. ಬಸ್ಸಿನಲ್ಲಿ ಬಿಟ್ಟೆನೋ, ಕೌನ್ಸೆಲಿಂಗ್ ಕೋಣೆಯಲ್ಲಿ ಬಿಟ್ಟೆನೋ ಎಂದು ಎರಡನ್ನೂ ನೆನೆದು ನೋಡಿದೆ. ಎರಡರಲ್ಲೂ ಅದರ ಗುರುತಿರಲಿಲ್ಲ.

ರಾತ್ರಿ ಎಂಟಕ್ಕೆ ಫೋನು ಬಡಿಯಿತು. ಹೆಂಡತಿ ಪಕ್ಕದಲ್ಲೇ ಇದ್ದುದರಿಂದ ಯಾರಿರಬಹುದೆಂದು ಇಬ್ಬರೂ ಮುಖ ಮುಖ ನೋಡಿಕೊಂಡೆವು. ಹನುಮಸಾಗರದ ಮನೆಯೊಡತಿ.

"ಅಕ್ಕೋರ ಎಲ್ಲದಾರ್ರಿ? ಆರಾಮ ಅದಾರಿಲ್ಲೋ? ಅವರ ಟವೆಲ್ ಒಂದ ಬಂದೈತಿ!"

ಬೆಳಗಿನ ಬಸ್ಸಿನ ಕಂಡಕ್ಟರನೇ ಸಂಜೆ ಮನೆ ಕೇಳಿಕೊಂಡು ಬಂದು ಕೊಟ್ಟನಂತೆ. ಗಂಗಾವತಿಯಲ್ಲಿ ಎಡಗಡೆಯ ಮೂರನೇ ಸೀಟಿನ ಮೇಲೆ ಎಂದಿನಂತೆ ಟವೆಲ್ ಬಿತ್ತು, ಅಕ್ಕೋರು ಹತ್ತಲಿಲ್ಲ. ತಾವರಗೇರಾದಲ್ಲಿ ಹತ್ತಬಹುದು ಎಂದು ಕಾದ. ಕುಷ್ಟಗಿಯಲ್ಲಿ ಹತ್ತಬಹುದು ಎಂದು ಕಾದ. ಬಸ್ಸು ಕಿಕ್ಕಿರಿದಿತ್ತು, ನಿಂತವರು ಗೊಣಗಿದರು, ಒಬ್ಬರು ಕೂರಲೂ ಹೋದರು. "ಟವೆಲ್ ಐತಿ, ಕಾಣಸಂಗಿಲ್ಲೇನು?" ಎಂದು ಅವನು ಎಬ್ಬಿಸಿದನಂತೆ. ಹೀಗೆ ಕೆಂಪು ಅಂಚಿನ ನನ್ನ ಟವೆಲ್ಲು, ಯಾರೂ ಕೂರದ ಸೀಟಿನಲ್ಲಿ, ಕಿಟಕಿಯ ಗಾಳಿ ತಿನ್ನುತ್ತ, ಟಿಕೀಟಿಲ್ಲದೆ, ತಾನೊಂದೇ ಹನುಮಸಾಗರಕ್ಕೆ ಹೋಗಿ ಇಳಿದಿತ್ತು.